ಕಲ್ಯಾಣ ಕರ್ನಾಟಕಕ್ಕೆ ಐದು ಸಾವಿರ ಕೋಟಿ: ಉಳಿದ ಬಂಡವಾಳ ವೆಚ್ಚದಲ್ಲಿ ನಮ್ಮ ಪಾಲೆಷ್ಟು?

ಮಸ್ಕಿ ಓದುಗ (ಚರ್ಚೆ ಆರಂಭ):

ಬಜೆಟ್ ಮಂಡನೆಯಾದ ಮರುದಿನ ನಮ್ಮ ಭಾಗದಲ್ಲಿ ಎಲ್ಲರೂ ಹುಡುಕುವುದು ಒಂದೇ ಅಂಕಿಯನ್ನು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈ ಸಲ ಎಷ್ಟು ಕೋಟಿ ಎಂಬುದಷ್ಟೇ ಪ್ರಶ್ನೆ. 2022-23ರಲ್ಲಿ 3,000 ಕೋಟಿ ರೂಪಾಯಿ ಇದ್ದದ್ದು 2023-24ರಲ್ಲಿ 5,000 ಕೋಟಿಗೆ ಏರಿತು. 2024-25 ಮತ್ತು 2025-26ರ ಬಜೆಟ್‌ಗಳಲ್ಲೂ ಅಷ್ಟೇ ಮೊತ್ತ ಘೋಷಣೆಯಾಯಿತು. ಹೆಚ್ಚಾಯಿತೆಂದು ಒಂದು ಪಕ್ಷ, ಹಂಚಿಕೆಯಾದದ್ದೆಲ್ಲ ಖರ್ಚಾಗಲಿಲ್ಲವೆಂದು ಇನ್ನೊಂದು ಪಕ್ಷ ಜಗಳವಾಡುವಷ್ಟರಲ್ಲಿ ಇನ್ನೊಂದು ಬಜೆಟ್ ಬಂದಿರುತ್ತದೆ.

ನನ್ನ ಪ್ರಶ್ನೆ ಈ ಐದು ಸಾವಿರ ಕೋಟಿಯ ಬಗ್ಗೆ ಅಲ್ಲ. 2025-26ರ ರಾಜ್ಯ ಬಜೆಟ್‌ನಲ್ಲಿ ಒಟ್ಟು ಬಂಡವಾಳ ವೆಚ್ಚವನ್ನು (ರಸ್ತೆ, ಕಟ್ಟಡ, ಕಾಲುವೆಯಂತಹ ಬಾಳುವ ಆಸ್ತಿಗೆ ಮಾಡುವ ಖರ್ಚು) 71,336 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿದೆ. ಮಂಡಳಿಯ ಹಣವೆಲ್ಲವೂ ಬಂಡವಾಳ ವೆಚ್ಚವೇ ಎಂದು ವಾದಕ್ಕೆ ಒಪ್ಪಿಕೊಂಡರೂ (ವಾಸ್ತವದಲ್ಲಿ ಹಾಗಿಲ್ಲ) ಅದು ಒಟ್ಟು ಮೊತ್ತದ ಶೇ 7ರಷ್ಟು ಮಾತ್ರ. 2011ರ ಜನಗಣತಿಯ ಪ್ರಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಮತ್ತು ಅಂದಿನ ಅವಿಭಜಿತ ಬಳ್ಳಾರಿ (ಈಗ ಬಳ್ಳಾರಿ ಮತ್ತು ವಿಜಯನಗರ) ಜಿಲ್ಲೆಗಳ ಜನಸಂಖ್ಯೆ ಸುಮಾರು 1.12 ಕೋಟಿ, ಅಂದರೆ ರಾಜ್ಯದ ಶೇ 18ಕ್ಕಿಂತ ತುಸು ಹೆಚ್ಚು. ಹಿಂದುಳಿದಿರುವಿಕೆಗೆಂದು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡದೆ ಬರೀ ತಲೆ ಎಣಿಸಿ ಹಂಚಿದರೂ, ಮಂಡಳಿಯ ಹಣವನ್ನು ಬಿಟ್ಟು ಉಳಿದ 66 ಸಾವಿರ ಕೋಟಿಯಲ್ಲಿ ಸುಮಾರು 12,200 ಕೋಟಿ ರೂಪಾಯಿ ಈ ಜಿಲ್ಲೆಗಳಿಗೆ ಬರಬೇಕು. ಬರುತ್ತಿದೆಯೆ? ಲೋಕೋಪಯೋಗಿ, ಜಲಸಂಪನ್ಮೂಲ, ಆರೋಗ್ಯ, ನಗರಾಭಿವೃದ್ಧಿ ಇಲಾಖೆಗಳ ರಾಜ್ಯ ವಲಯದ ಬಂಡವಾಳ ವೆಚ್ಚವನ್ನು ಜಿಲ್ಲಾವಾರು ಬಿಡಿಸಿ ತೋರಿಸುವ ಪಟ್ಟಿ ಬಜೆಟ್ ಸಂಪುಟಗಳಲ್ಲಿ ನನಗೆ ಕಾಣಲಿಲ್ಲ. ಪಂಚಾಯಿತಿಗಳ ಮೂಲಕ ಹೋಗುವ ಜಿಲ್ಲಾ ವಲಯದ ಹಣಕ್ಕೆ ಜಿಲ್ಲಾವಾರು ಹಂಚಿಕೆ ತೋರಿಸುವ ಲಿಂಕ್ ಪುಸ್ತಕವಿದೆ, ಆದರೆ ದೊಡ್ಡ ಮೊತ್ತಗಳು ಇರುವುದು ಅದರಲ್ಲಿ ಅಲ್ಲ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಎಂದರೆ ಮಂಡಳಿ ಮತ್ತು ಮೀಸಲಾತಿ ಎಂದಷ್ಟೇ ನಮ್ಮಲ್ಲಿ ತಿಳಿಯಲಾಗಿದೆ. ವಿಧಿಯ (1)(ಎ) ಉಪಖಂಡ ಮಂಡಳಿಯ ಸ್ಥಾಪನೆಯನ್ನೂ ಅದರ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡುವುದನ್ನೂ ಹೇಳುತ್ತದೆ. (1)(ಬಿ) ಉಪಖಂಡ ಬೇರೆಯೇ ಮಾತನ್ನು ಹೇಳುತ್ತದೆ: ಇಡೀ ರಾಜ್ಯದ ಅಗತ್ಯಗಳಿಗೆ ಒಳಪಟ್ಟು, ಈ ಪ್ರದೇಶದ ಅಭಿವೃದ್ಧಿ ವೆಚ್ಚಕ್ಕೆ ಹಣದ ನ್ಯಾಯೋಚಿತ ಹಂಚಿಕೆಯಾಗಬೇಕು. ಅಲ್ಲಿ ಮಂಡಳಿಯ ಹಣ ಎಂಬ ಮಿತಿಯಿಲ್ಲ. ಹೀಗಿರುವಾಗ ಮಂಡಳಿಯ ಹಣಕ್ಕಷ್ಟೇ ಲೆಕ್ಕ ಕೇಳುತ್ತ ಕೂತರೆ, ಇಲಾಖೆಗಳು ತಮ್ಮ ಮಾಮೂಲಿ ಅನುದಾನವನ್ನು ಇಲ್ಲಿಂದ ಬೇರೆಡೆಗೆ ತಿರುಗಿಸಿದರೂ ನಮಗೆ ಗೊತ್ತಾಗುವುದು ಹೇಗೆ? ತಿರುಗಿಸಿವೆ ಎಂದು ನಾನು ಆರೋಪಿಸುತ್ತಿಲ್ಲ. ತಿರುಗಿಸಿಲ್ಲ ಎಂದು ಹೇಳಲು ಬೇಕಾದ ಪಟ್ಟಿ ಇಲ್ಲ ಎಂಬುದಷ್ಟೇ ನನ್ನ ತಕರಾರು.

ಪಾವಗಡದವ:

ನಿಮ್ಮ ಪ್ರಶ್ನೆಯನ್ನು ಒಪ್ಪುತ್ತೇನೆ, ಆದರೆ ಅದನ್ನು ಏಳು ಜಿಲ್ಲೆಗಳ ಬೇಲಿಯೊಳಗೆ ಕೂಡಿಹಾಕಬೇಡಿ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳ ಮೇಲೆ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಮೂರು ವರ್ಗ ಮಾಡಿತ್ತು: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ಮೊದಲ ವರ್ಗದ 39ರಲ್ಲಿ 21 ತಾಲ್ಲೂಕುಗಳು ಅಂದಿನ ಗುಲ್ಬರ್ಗಾ ವಿಭಾಗದವು ಎಂಬುದು ನಿಜ. ಆದರೆ 11 ತಾಲ್ಲೂಕುಗಳು ಬೆಂಗಳೂರು ವಿಭಾಗದವು! ಪಾವಗಡ, ಮಧುಗಿರಿ, ಶಿರಾ, ಗುಬ್ಬಿ, ಕುಣಿಗಲ್, ಮಾಗಡಿ, ಕನಕಪುರ, ಬಾಗೇಪಲ್ಲಿ, ಹೊಸದುರ್ಗ, ಚನ್ನಗಿರಿ, ಹರಪನಹಳ್ಳಿ.

ಈ ಪಟ್ಟಿಯ ಕೊನೆಯ ಹೆಸರನ್ನು ಗಮನಿಸಿ. ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಹೋರಾಟ ಮಾಡಿ ಮತ್ತೆ ಬಳ್ಳಾರಿಗೆ ಸೇರಿ, ಈಗ ವಿಜಯನಗರ ಜಿಲ್ಲೆಯಲ್ಲಿದ್ದು, 371(ಜೆ) ವ್ಯಾಪ್ತಿಗೆ ಬಂದಿದೆ. ಅವರಿಗೆ ಸಿಕ್ಕದ್ದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಸಮಿತಿ ಅದೇ ವರ್ಗದಲ್ಲಿಟ್ಟ ಪಾವಗಡ, ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ, ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಪಾವಗಡ, ತುಮಕೂರು ಜಿಲ್ಲೆಯ ಸರಾಸರಿಯಲ್ಲಿ ಮುಳುಗಿ ಹೋಗುತ್ತದೆ. ನಮಗಿರುವುದು ಚಿತ್ರದುರ್ಗದ ಬಯಲುಸೀಮೆ ಪ್ರದೇಶಾಭಿವೃದ್ಧಿ ಮಂಡಳಿ. ಅದಕ್ಕೆ ಸಂವಿಧಾನದ ಬಲವೂ ಇಲ್ಲ, ನಿಮ್ಮ ಮಂಡಳಿಗೆ ಬರುವ ಮೊತ್ತದ ಹತ್ತಿರಕ್ಕೆ ಬರುವ ಅನುದಾನವೂ ಇಲ್ಲ.

ಸೂಚ್ಯಂಕ ತಾಲ್ಲೂಕಿನದು, ಹಣ ಪ್ರದೇಶದ್ದು. ತಕರಾರು ಇರುವುದು ಇಲ್ಲಿ.

ನಿವೃತ್ತ ಎಇಇ:

ನಾನು ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ಆಗಿ ನಿವೃತ್ತನಾದವನು, ಪಂಚಾಯತ್ ರಾಜ್ ಎಂಜಿನಿಯರಿಂಗ್ ಕೆಲಸದಲ್ಲಿ ಸೇವಾವಧಿಯ ಬಹುಪಾಲು ಕಳೆದವನು. ಹಂಚಿಕೆಯ ಸೂತ್ರದ ಬಗ್ಗೆ ಎಷ್ಟು ಬೇಕಾದರೂ ಚರ್ಚಿಸಬಹುದು, ಆದರೆ ಸೂತ್ರದಂತೆ ಬಂದ ಹಣ ಕಾಂಕ್ರೀಟ್ ಆಗುವವರೆಗಿನ ದಾರಿಯನ್ನು ನೋಡದವರಿಗೆ, ಹಿಂದುಳಿದ ತಾಲ್ಲೂಕು ಅನುದಾನ ಬಂದ ಮೇಲೂ ಹಿಂದೆಯೇ ಉಳಿಯುವುದು ಏಕೆ ಎಂಬುದು ಅರ್ಥವಾಗುವುದಿಲ್ಲ.

ಬಜೆಟ್ ಜಾರಿಗೆ ಬರುವುದು ಏಪ್ರಿಲ್‌ನಲ್ಲಿ. ಶಾಸಕರಿಂದ ಕಾಮಗಾರಿಗಳ ಪಟ್ಟಿ ಬಂದು, ಕ್ರಿಯಾಯೋಜನೆ ಸಿದ್ಧವಾಗಿ, ಅದಕ್ಕೆ ಅನುಮೋದನೆ ಸಿಗುವಷ್ಟರಲ್ಲಿ ಎಷ್ಟೋ ಸಲ ದಸರೆ ಕಳೆದಿರುತ್ತದೆ. ಆಮೇಲೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಟೆಂಡರ್ ಪರಿಶೀಲನೆ, ಕರಾರು, ಕಾರ್ಯಾದೇಶ. ಜನವರಿಯಲ್ಲಿ ಗುದ್ದಲಿ ಪೂಜೆ ಮಾಡಿ, ಮಾರ್ಚ್ ಒಳಗೆ ಬಿಲ್ ಬರೆಯಿರಿ ಎಂದು ಒತ್ತಡ ಬರುತ್ತದೆ. ಇಷ್ಟು ದೀರ್ಘ ದಾರಿಯನ್ನು ತಪ್ಪಿಸಿಕೊಳ್ಳಲು ಎರಡು ಅಡ್ಡದಾರಿಗಳಿವೆ. ಒಂದು, ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಪಡೆದು ಟೆಂಡರ್ ಇಲ್ಲದೆ ಸರ್ಕಾರಿ ಸಂಸ್ಥೆಗೇ ಕೆಲಸ ವಹಿಸುವುದು. ಇನ್ನೊಂದು, ಒಂದು ದೊಡ್ಡ ಕಾಮಗಾರಿಯನ್ನು ಐದು ಲಕ್ಷದೊಳಗಿನ ತುಂಡುಗಳಾಗಿ ಒಡೆಯುವುದು. ಎರಡನೆಯದರಿಂದಾಗಿಯೇ ನಿಮ್ಮ ಊರಿನಲ್ಲಿ ಸಿ.ಸಿ. ರಸ್ತೆ ಅರ್ಧ ಓಣಿಗೆ ಬಂದು ಯಾರದೋ ಮನೆಯ ಮುಂದೆ ನಿಂತುಬಿಡುತ್ತದೆ, ಚರಂಡಿಯ ನೀರು ಹರಿದು ಹೋಗಲು ಮುಂದೆ ಚರಂಡಿಯೇ ಇರುವುದಿಲ್ಲ. ಬಸ್ ತಂಗುದಾಣ, ಹೈಮಾಸ್ಟ್ ದೀಪ, ಸಮುದಾಯ ಭವನದ ಕಾಂಪೌಂಡ್ ಎಲ್ಲವೂ ಈ ಅಳತೆಗೆ ಸರಿಯಾಗಿ ಒಗ್ಗುತ್ತವೆ. ತಾಲ್ಲೂಕು ಆಸ್ಪತ್ರೆಯಾಗಲಿ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯಾಗಲಿ ಒಗ್ಗುವುದಿಲ್ಲ.

ಒಂದು ಪ್ರಸಂಗವನ್ನಷ್ಟೇ ಹೇಳುತ್ತೇನೆ. ಒಂದು ಹಳ್ಳಿಯ ಪ್ರೌಢಶಾಲೆಗೆ ಎರಡು ಕೊಠಡಿ ಮಂಜೂರಾಗಿದ್ದವು. ಲಿಂಟಲ್ ಮಟ್ಟಕ್ಕೆ ಗೋಡೆ ಎದ್ದಿತು, ಮೊದಲ ಬಿಲ್ ಪಾವತಿಯಾಯಿತು, ವರ್ಷ ಮುಗಿಯಿತು. ಮರುವರ್ಷದ ಕ್ರಿಯಾಯೋಜನೆಯಲ್ಲಿ ಹೊಸ ಕಾಮಗಾರಿಗಳಿಗೆ ಜಾಗ ಸಿಕ್ಕಿತೇ ಹೊರತು ಈ ಕೊಠಡಿಗಳ ಬಾಕಿ ಮೊತ್ತಕ್ಕೆ ಸಿಗಲಿಲ್ಲ. ಅದರ ನಂತರ ದರಪಟ್ಟಿ ಪರಿಷ್ಕರಣೆಯಾಗಿ, ಹಳೆಯ ದರಕ್ಕೆ ಕೆಲಸ ಮಾಡಲು ಗುತ್ತಿಗೆದಾರ ಒಪ್ಪದೆ, ಪರಿಷ್ಕೃತ ಅಂದಾಜಿನ ಕಡತ ಮೇಲಿನ ಕಚೇರಿಗೂ ಕೆಳಗಿನ ಕಚೇರಿಗೂ ಓಡಾಡುತ್ತಿತ್ತು. ಕಂಬದ ತುದಿಯಲ್ಲಿ ಹೊರಗೆ ಬಿಟ್ಟಿದ್ದ ಸರಳುಗಳು ತುಕ್ಕು ಹಿಡಿದು ಗೋಡೆಯ ಗಿಲಾವಿನ ಮೇಲೆ ಕೆಂಪು ಗೆರೆಗಳು ಇಳಿದಿದ್ದವು. ಒಂಬತ್ತನೆಯ ತರಗತಿಯ ಪಾಠ ಜಗುಲಿಯ ಮೇಲೆ ನಡೆಯುತ್ತಿತ್ತು. ದಾಖಲೆಯಲ್ಲಿ ಆ ಶಾಲೆಗೆ ಹಣ ಖರ್ಚಾಗಿದೆ. ನಿಮ್ಮ ಜಿಲ್ಲಾವಾರು ಪಟ್ಟಿ ಬಂದರೂ ಅದರಲ್ಲಿ ಆ ಹಣ ಕಾಣುತ್ತದೆ, ಕೊಠಡಿ ಇಲ್ಲದಿರುವುದು ಕಾಣುವುದಿಲ್ಲ.

ಬೆಂಗಳೂರು ದಕ್ಷಿಣ:

ಎಲ್ಲರೂ ಒಪ್ಪುವ ದಿಕ್ಕಿನಲ್ಲೇ ಚರ್ಚೆ ಹೋಗುತ್ತಿರುವುದರಿಂದ ಒಂದು ಅಪ್ರಿಯ ಮಾತು. ರಾಜ್ಯದ ತೆರಿಗೆಯ ಬಹುಪಾಲು ಹುಟ್ಟುವುದು ಬೆಂಗಳೂರಿನಲ್ಲಿ. ಇಲ್ಲಿನ ಮೆಟ್ರೊ, ಕಾವೇರಿ ನೀರು, ರಾಜಕಾಲುವೆಗಳಿಗೆ ಹಾಕುವ ಬಂಡವಾಳದಿಂದ ವರಮಾನ ಬೆಳೆಯುತ್ತದೆ, ಆ ವರಮಾನದಿಂದಲೇ ಉಳಿದ ಜಿಲ್ಲೆಗಳಿಗೆ ಅನುದಾನ ಸಿಗುತ್ತದೆ. ಜನಸಂಖ್ಯೆಯ ಲೆಕ್ಕದಲ್ಲಿ ಬಂಡವಾಳ ಹಂಚುವುದಾದರೆ ಬೆಂಗಳೂರಿಗೆ ಬಂದು ನೆಲೆಸಿರುವ ಕಲಬುರಗಿ, ರಾಯಚೂರಿನ ಲಕ್ಷಾಂತರ ಜನರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ? ಅವರು ಓಡಾಡುವುದು ಇಲ್ಲಿನ ರಸ್ತೆಯಲ್ಲಿ, ಕುಡಿಯುವುದು ಇಲ್ಲಿನ ನೀರನ್ನು.

ಹೊಸನಗರದಿಂದ:

ಮೇಲಿನ ಸದಸ್ಯರ ಎರಡನೆಯ ಪ್ರಶ್ನೆ ಸರಿಯಾದದ್ದು, ಗುಳೆ ಹೋದವರ ಲೆಕ್ಕ ಎಲ್ಲಿಯೂ ಸರಿಯಾಗಿ ಸೇರುವುದಿಲ್ಲ. ಆದರೆ ಮೊದಲನೆಯ ವಾದವನ್ನು ದೆಹಲಿಯ ಮುಂದೆ ಯಾರು ಯಾರ ವಿರುದ್ಧ ಮಾಡುತ್ತಿದ್ದಾರೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಹಂಚಿಕೆಯಾಗುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಅವಧಿಯಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದಾಗ, ಹೆಚ್ಚು ಕೊಟ್ಟವರಿಗೆ ಕಡಿಮೆ ಏಕೆ ಎಂದು ರಾಜ್ಯ ಕೇಳಿತು. ರಾಜ್ಯಗಳಿಗೆ ಬಂಡವಾಳ ವೆಚ್ಚಕ್ಕೆಂದು ಕೇಂದ್ರ ಕೊಡುವ 50 ವರ್ಷಗಳ ಬಡ್ಡಿರಹಿತ ಸಾಲದ ದೊಡ್ಡ ಭಾಗವೂ ಇದೇ ಪ್ರಮಾಣವನ್ನು ಆಧರಿಸಿತ್ತು. ನಮಗೆ ಆದದ್ದು ಅನ್ಯಾಯವೇ ಇರಬಹುದು, ಆದರೆ ಅನ್ಯಾಯ ಎಂದು ವಾದಿಸಲು ಅಲ್ಲಿ ಒಂದು ಪ್ರಕಟಿತ ಸೂತ್ರವಾದರೂ ಇದೆ. ಅದೇ ಹಣ ಬೆಂಗಳೂರಿಗೆ ಬಂದು ಸೇರಿದ ಮೇಲೆ ಶಿವಮೊಗ್ಗಕ್ಕೆಷ್ಟು, ಯಾದಗಿರಿಗೆಷ್ಟು ಎನ್ನಲು ಯಾವ ಸೂತ್ರವಿದೆ?

ಇನ್ನು ಮಲೆನಾಡಿನ ಮಾತು. ತಲೆ ಎಣಿಸುವ ಲೆಕ್ಕ ನಮಗೆ ಮಾರಕ. ನಮ್ಮಲ್ಲಿ ಊರು ಎಂದರೆ ಗುಡ್ಡಕ್ಕೆ ಒಂದರಂತೆ ಇರುವ ನಾಲ್ಕಾರು ಮನೆಗಳು, ಅವುಗಳ ನಡುವೆ ಹಳ್ಳ. ಬಯಲಿನಲ್ಲಿ ಒಂದು ಕಿಲೋಮೀಟರ್ ರಸ್ತೆ ಇಡೀ ಊರನ್ನು ಮುಟ್ಟಿದರೆ ಇಲ್ಲಿ ಅಷ್ಟೇ ರಸ್ತೆ ಎರಡು ಮನೆಗಳನ್ನು ಮುಟ್ಟುತ್ತದೆ, ಅದಕ್ಕೆ ಮೂರು ಮೋರಿ ಬೇಕಾಗುತ್ತದೆ. ಅಡಕೆ ಮರದ ಕಾಲುಸಂಕದ ಮೇಲೆ ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗುವ ಚಿತ್ರ ಪ್ರತಿ ಜುಲೈನಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ, ಆಗಸ್ಟ್‌ನಲ್ಲಿ ಮರೆತುಹೋಗುತ್ತದೆ. ಲಿಂಗನಮಕ್ಕಿ ಜಲಾಶಯ 1964ರಲ್ಲಿ ತುಂಬಿದ ಮೇಲೆ ಹಿನ್ನೀರಿನಾಚೆಯ ತುಮರಿ ಭಾಗದ ಜನ ಲಾಂಚ್‌ಗಾಗಿ ಕಾಯುತ್ತ ಎರಡು ತಲೆಮಾರು ಕಳೆದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ, ಅದೂ ಕೇಂದ್ರದ ರಾಷ್ಟ್ರೀಯ ಹೆದ್ದಾರಿ ಹಣದಲ್ಲಿ. ನಾಡಿಗೆಲ್ಲ ವಿದ್ಯುತ್ ಕೊಡಲು ಮುಳುಗಿದ ಪ್ರದೇಶಕ್ಕೆ ಸೇತುವೆ ಕಟ್ಟಲು ರಾಜ್ಯದ ಯಾವ ಪ್ರಾದೇಶಿಕ ಮಂಡಳಿಯ ಕೈಯಲ್ಲೂ ಅಷ್ಟು ಹಣವಿರಲಿಲ್ಲ. ಶಿವಮೊಗ್ಗದಲ್ಲಿ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಕಿರುಸೇತುವೆ, ಸಮುದಾಯ ಭವನಗಳ ಅಳತೆಯನ್ನು ದಾಟುವುದು ಅಪರೂಪ.

ಮಸ್ಕಿ ಓದುಗ:

ಪಾವಗಡದವರಿಗೆ: ನಿಮ್ಮ ಆಕ್ಷೇಪ ನಮ್ಮೂರಿಗೂ ಅನ್ವಯಿಸುತ್ತದೆ. ನಂಜುಂಡಪ್ಪ ವರದಿಯ 175 ತಾಲ್ಲೂಕುಗಳಲ್ಲಿ ಮಸ್ಕಿ ಇಲ್ಲವೇ ಇಲ್ಲ; ಆಗ ಅದು ತಾಲ್ಲೂಕಾಗಿರಲಿಲ್ಲ. 2017ರ ಬಜೆಟ್‌ನ ನಂತರ ಹೊಸ ತಾಲ್ಲೂಕುಗಳು ಬಂದು ಒಟ್ಟು ಸಂಖ್ಯೆ 230ನ್ನು ದಾಟಿದೆ. ತಾಯಿ ತಾಲ್ಲೂಕಿನ ಸೂಚ್ಯಂಕವನ್ನೇ ಹೊಸ ತಾಲ್ಲೂಕಿಗೂ ಹಚ್ಚಿದರೆ, ಕಾಲುವೆ ನೀರು ಕಂಡ ಭಾಗಕ್ಕೂ ಕಾಣದ ಭಾಗಕ್ಕೂ ಒಂದೇ ಅಂಕ ಬೀಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಾಣುವ ಸಿಂಧನೂರಿನ ಭತ್ತದ ಗದ್ದೆಗೂ ಕಾಲುವೆಯೇ ಇಲ್ಲದ ಮಸ್ಕಿಯ ಪಶ್ಚಿಮದ ಎರೆಹೊಲಕ್ಕೂ ಒಂದೇ ಅಳತೆ ಸಾಲದು. ಅಲ್ಲದೆ ಆ ಸೂಚಕಗಳ ಹಿಂದಿನ ಅಂಕಿಗಳು ಕಾಲು ಶತಮಾನದಷ್ಟು ಹಳೆಯವು. 14ನೇ ಹಣಕಾಸು ಆಯೋಗದ ಸದಸ್ಯರಾಗಿದ್ದ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಹೊಸ ಸಮಿತಿಯನ್ನು ರಚಿಸಿದ್ದಕ್ಕೆ ಇದೂ ಒಂದು ಕಾರಣ. ನನ್ನ ಮಟ್ಟಿಗೆ ಹೇಳುವುದಾದರೆ ತಾಲ್ಲೂಕಿನ ಬದಲು ಗ್ರಾಮ ಪಂಚಾಯಿತಿಯೇ ಅಳತೆಯ ಘಟಕವಾಗಬೇಕು.

ಬೆಂಗಳೂರು ದಕ್ಷಿಣದವರಿಗೆ: ಬೆಂಗಳೂರಿಗೆ ಕಡಿಮೆ ಕೊಡಿ ಎಂದು ನಾನು ಎಲ್ಲಿಯೂ ಹೇಳಿಲ್ಲ. ಎಷ್ಟು ಕೊಟ್ಟಿದ್ದೀರಿ ಎಂದು ಬರೆದು ಪ್ರಕಟಿಸಿ ಎಂದಿದ್ದೇನೆ.

ಪುಣೆಯ ಬೀದರಿಗ:

ಗಡಿಯಾಚೆಯ ಅನುಭವವನ್ನು ಇಲ್ಲಿ ದಾಖಲಿಸುವುದು ಉಪಯುಕ್ತವಾಗಬಹುದು, ಏಕೆಂದರೆ ನಮ್ಮ 371(ಜೆ)ಗೆ ಮೊದಲೇ 371(2)ನೇ ವಿಧಿಯ ಅಡಿಯಲ್ಲಿ ಮಹಾರಾಷ್ಟ್ರ ಇದೇ ದಾರಿಯಲ್ಲಿ ನಡೆದಿದೆ. 1984ರಲ್ಲಿ ವಿ.ಎಂ. ದಾಂಡೇಕರ್ ಅಧ್ಯಕ್ಷತೆಯ ಸತ್ಯಶೋಧನಾ ಸಮಿತಿ ವಿದರ್ಭ, ಮರಾಠವಾಡ ಮತ್ತು ಉಳಿದ ಮಹಾರಾಷ್ಟ್ರದ ನಡುವಿನ ಕೊರತೆಯನ್ನು ವಲಯವಾರು ಲೆಕ್ಕಹಾಕಿ ಒಟ್ಟು 3,186 ಕೋಟಿ ರೂಪಾಯಿ ಎಂದು ಹೇಳಿತು. ಮರಾಠಿಯಲ್ಲಿ ಅದಕ್ಕೆ ‘ಅನುಶೇಷ’ ಎನ್ನುತ್ತಾರೆ. 1994ರಲ್ಲಿ ಮೂರು ಶಾಸನಬದ್ಧ ಮಂಡಳಿಗಳು ಬಂದವು. ಮುಂದೆ ರಾಜ್ಯಪಾಲರು ಪ್ರತಿ ವರ್ಷ ಹಂಚಿಕೆಯ ಬಗ್ಗೆ ನಿರ್ದೇಶನ ಕೊಡುವ ಪದ್ಧತಿ ಬೆಳೆಯಿತು. ಮಂಡಳಿಯ ಹಣಕ್ಕಷ್ಟೇ ಅಲ್ಲ, ನೀರಾವರಿಯಂತಹ ಇಲಾಖೆಗಳ ಹಣಕ್ಕೂ ಆ ನಿರ್ದೇಶನ ಅನ್ವಯಿಸುತ್ತಿತ್ತು. ಮಸ್ಕಿಯವರು ಕೇಳುತ್ತಿರುವುದಕ್ಕೆ ಅತ್ಯಂತ ಹತ್ತಿರದ ವ್ಯವಸ್ಥೆ ಅದು.

ಅಷ್ಟಾದರೂ ಎರಡು ತೊಂದರೆಗಳು ಎದುರಾದವು. ಕೊರತೆಯನ್ನು ರೂಪಾಯಿಯಲ್ಲಿ ನಿಗದಿ ಮಾಡಿದ್ದರಿಂದ, ಹಣ ಕೊಟ್ಟು ಮುಗಿಸಿದಂತೆ ಲೆಕ್ಕ ಚುಕ್ತಾ ಆಗುತ್ತ ಬಂತು, ಆದರೆ ಅಷ್ಟರಲ್ಲಿ ಕಾಮಗಾರಿಗಳ ವೆಚ್ಚ ಏರಿ, ನೀರು ಕಾಣಬೇಕಾದ ಹೆಕ್ಟೇರುಗಳು ಒಣಗಿಯೇ ಉಳಿದವು. ಎರಡನೆಯದಾಗಿ, ಆ ಮಂಡಳಿಗಳು ಅವಧಿಗೆ ಕಟ್ಟುಬಿದ್ದವು. ವಿಸ್ತರಣೆಯಾಗದೆ 2020ರ ಏಪ್ರಿಲ್ 30ಕ್ಕೆ ಅವುಗಳ ಅವಧಿ ಮುಗಿದುಹೋಯಿತು. ಆದ್ದರಿಂದ ಕೋಟಿಗಳಲ್ಲಿ ಲೆಕ್ಕ ಕೇಳುವವರು ಹೆಕ್ಟೇರು, ಕೊಠಡಿ, ಹಾಸಿಗೆ, ಕಿಲೋಮೀಟರುಗಳಲ್ಲೂ ಕೇಳಬೇಕೆಂಬುದು ನನ್ನ ಸಲಹೆ. ಎಇಇ ಅವರ ಲಿಂಟಲ್ ಮಟ್ಟದ ಶಾಲೆಯ ಉತ್ತರವೂ ಅಲ್ಲಿಯೇ ಸಿಗುತ್ತದೆ.

ಪಾವಗಡದವ:

ನಮ್ಮಲ್ಲಿಯೂ ಅದೇ ಆಗಿದೆ. ನಂಜುಂಡಪ್ಪ ಸಮಿತಿ ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಶಿಫಾರಸು ಮಾಡಿತ್ತು. ಅದರಲ್ಲಿ ಒಂದು ಭಾಗ ಇಲಾಖೆಗಳ ಮಾಮೂಲಿ ಯೋಜನಾ ವೆಚ್ಚದಿಂದಲೂ ಉಳಿದದ್ದು ಹೆಚ್ಚುವರಿಯಾಗಿಯೂ ಬರಬೇಕಿತ್ತು. ಮಾಮೂಲಿ ಮತ್ತು ಹೆಚ್ಚುವರಿ ಎಂಬ ಈ ಗೆರೆಯನ್ನು ಸಮಿತಿ ಬೇಕೆಂದೇ ಎಳೆದಿತ್ತು. 2007-08ರಲ್ಲಿ ಯೋಜನೆ ಆರಂಭವಾದ ಮೇಲೆ ಇಲಾಖೆಗಳು ತಮ್ಮ ಚಾಲ್ತಿ ಕಾರ್ಯಕ್ರಮಗಳಿಗೇ ವಿಶೇಷ ಅಭಿವೃದ್ಧಿ ಯೋಜನೆಯ ಹೆಸರು ಹಚ್ಚಿದರೆ ಹೆಚ್ಚುವರಿ ಯಾವುದು, ಮಾಮೂಲಿ ಯಾವುದು ಎಂದು ಬೇರ್ಪಡಿಸುವುದು ಯಾರ ಕೈಲಾಗುತ್ತದೆ?

ನಿವೃತ್ತ ಎಇಇ:

ಬೀದರಿನ ಸದಸ್ಯರ ಮಾತಿಗೆ ಒಂದು ಸೇರ್ಪಡೆ. 2024-25ರ ಬಜೆಟ್‌ನಲ್ಲಿ ಕಲ್ಯಾಣ ಪಥ ಯೋಜನೆಗೆ 1,000 ಕೋಟಿ ರೂಪಾಯಿ, 1,150 ಕಿಲೋಮೀಟರ್ ಗ್ರಾಮೀಣ ರಸ್ತೆ ಎಂದು ಎರಡು ಅಂಕಿಗಳನ್ನೂ ಕೊಡಲಾಗಿತ್ತು. ಭಾಗಿಸಿದರೆ ಕಿಲೋಮೀಟರಿಗೆ ಸುಮಾರು 87 ಲಕ್ಷ. ಈಗ ನಿಮ್ಮೂರ ರಸ್ತೆಯ ಅಗಲ, ಡಾಂಬರಿನ ದಪ್ಪ, ಮೋರಿಗಳ ಸಂಖ್ಯೆ ನೋಡಿ ಅಷ್ಟು ಮೊತ್ತದ ಕೆಲಸ ಆಗಿದೆಯೇ ಎಂದು ಯಾವ ಡಿಪ್ಲೊಮಾ ಹುಡುಗನಾದರೂ ಹೇಳಬಲ್ಲ. ಭೌತಿಕ ಗುರಿ ಬರೆದಿಟ್ಟ ಯೋಜನೆಯ ಲಾಭ ಇದು.

ಇನ್ನೊಂದು ವಿಷಯ, ಬಂಡವಾಳ ವೆಚ್ಚವನ್ನೇ ಪೂಜಿಸುವವರಿಗೆ. ಕಟ್ಟಡಕ್ಕೆ ಹಣ ಸಿಗುವಷ್ಟು ಸುಲಭವಾಗಿ ಕಟ್ಟಡದೊಳಗಿನ ಮನುಷ್ಯರಿಗೆ ಸಿಗುವುದಿಲ್ಲ, ಏಕೆಂದರೆ ಸಂಬಳ, ದುರಸ್ತಿ, ಔಷಧಿ ಎಲ್ಲವೂ ರಾಜಸ್ವ ವೆಚ್ಚ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಯ ಸ್ಥಾನದಲ್ಲಿದ್ದವು. ಈ ಜಿಲ್ಲೆಗಳಲ್ಲಿ ಕೊಠಡಿ ಕಟ್ಟುವುದು ನಿಂತಿರಲಿಲ್ಲ. ಖಾಲಿ ಇದ್ದದ್ದು ಶಿಕ್ಷಕರ ಹುದ್ದೆಗಳು. ಮಂಡಳಿ ತನ್ನ ಅನುದಾನದ ಗಣನೀಯ ಭಾಗವನ್ನು ಅಕ್ಷರ ಆವಿಷ್ಕಾರದ ಹೆಸರಿನಲ್ಲಿ ಶಿಕ್ಷಣಕ್ಕೆ ತಿರುಗಿಸಿದ್ದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಶಿಕ್ಷಕರನ್ನು ನೇಮಿಸುವುದು ಶಿಕ್ಷಣ ಇಲಾಖೆಯ ಮಾಮೂಲಿ ಹೊಣೆ. ಅದನ್ನು ಮಂಡಳಿಯೇ ಹೊರುತ್ತ ಹೋದರೆ ಪಾವಗಡದವರು ಹೇಳಿದ ಗೆರೆ ಇನ್ನಷ್ಟು ಅಳಿಸುತ್ತದೆ.

ಬೆಂಗಳೂರು ದಕ್ಷಿಣ:

ಪ್ರಕಟಿಸಬೇಕೆಂಬ ಬೇಡಿಕೆಗೆ ನನ್ನ ವಿರೋಧವಿಲ್ಲ. ನನ್ನ ಅಂದಾಜಿನ ಪ್ರಕಾರ ಆ ಪಟ್ಟಿ ಬಂದಾಗ ಬೆಂಗಳೂರಿನ ಪಾಲು ಅನೇಕರು ಊಹಿಸಿದ್ದಕ್ಕಿಂತ ಕಡಿಮೆಯೇ ಇರುತ್ತದೆ. ನೀರಾವರಿಯ ದೊಡ್ಡ ಮೊತ್ತ ಎಲ್ಲಿಗೆ ಹೋಗುತ್ತದೆ ಎಂಬುದು ಕೃಷ್ಣಾ ಮೇಲ್ದಂಡೆಯ ಹೆಸರು ಕೇಳಿದವರಿಗೆಲ್ಲ ಗೊತ್ತು. ಪಟ್ಟಿ ಎಲ್ಲರ ನಂಬಿಕೆಯನ್ನೂ ಪರೀಕ್ಷೆಗೆ ಒಡ್ಡಲಿ.

ಹೊಸನಗರದಿಂದ:

ನೀರಾವರಿಯನ್ನು ಜಿಲ್ಲಾವಾರು ಹೇಗೆ ಬಿಡಿಸುತ್ತೀರಿ? ಕೃಷ್ಣಾ ಮೇಲ್ದಂಡೆಯ ಆಲಮಟ್ಟಿ ಅಣೆಕಟ್ಟು ವಿಜಯಪುರ ಮತ್ತು ಬಾಗಲಕೋಟೆಯ ಗಡಿಯಲ್ಲಿ, ಮುಳುಗಡೆ ಬಾಗಲಕೋಟೆಯಲ್ಲಿ, ನೀರು ಯಾದಗಿರಿ, ರಾಯಚೂರಿಗೆ. ಕಟ್ಟಿದ ಜಾಗದ ಲೆಕ್ಕವೋ, ಫಲಾನುಭವಿ ಹೊಲದ ಲೆಕ್ಕವೋ, ಇದನ್ನು ಮೊದಲೇ ತೀರ್ಮಾನಿಸದಿದ್ದರೆ ಪಟ್ಟಿ ಬಂದರೂ ಜಗಳ ಮುಗಿಯುವುದಿಲ್ಲ.

ಮಸ್ಕಿ ಓದುಗ:

ಹೊಸನಗರದ ಮೇಡಂ ಹೇಳಿದ್ದು ಸರಿ. ಎರಡೂ ಕಾಲಂ ಇರಲಿ, ಕಟ್ಟಿದ ಜಿಲ್ಲೆ ಒಂದು, ಅಚ್ಚುಕಟ್ಟು ಪ್ರದೇಶದ ಜಿಲ್ಲೆ ಇನ್ನೊಂದು. ಈ ಚರ್ಚೆಯಿಂದ ಒಂದು ಕೆಲಸವಾದರೂ ಹೊರಬರಲಿ ಎಂದು ಮಾಹಿತಿ ಹಕ್ಕಿನ ಅಡಿಯಲ್ಲಿ ನಾಲ್ಕು ಇಲಾಖೆಗಳಿಗೆ ಅರ್ಜಿ ಸಿದ್ಧಪಡಿಸುತ್ತಿದ್ದೇನೆ. ಕಳೆದ ಐದು ಆರ್ಥಿಕ ವರ್ಷಗಳಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಹಂಚಿಕೆಯಾದ ಬಂಡವಾಳ ವೆಚ್ಚ ಎಷ್ಟು ಎಂದು ಕೇಳಬೇಕೆಂದಿದ್ದೇನೆ. ಎಇಇ ಅವರು ಅರ್ಜಿಯ ಮಾತುಗಳನ್ನು ಒಮ್ಮೆ ನೋಡಿಕೊಡಬೇಕು.

ನಿವೃತ್ತ ಎಇಇ:

ಹಂಚಿಕೆ ಎಂದು ಕೇಳಿದರೆ ಹಂಚಿಕೆಯ ಅಂಕಿಯನ್ನೇ ಕೊಡುತ್ತಾರೆ, ಅದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಹಂಚಿಕೆ, ಬಿಡುಗಡೆ, ವೆಚ್ಚ ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಇಲಾಖೆಯ ಕಾರ್ಯದರ್ಶಿ ಕಚೇರಿಯವರು ಕ್ರೋಡೀಕೃತ ಮಾಹಿತಿ ಲಭ್ಯವಿಲ್ಲ ಎಂದು ಉತ್ತರಿಸುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ವಿಭಾಗವಾರು, ಅಂದರೆ ಕಾರ್ಯಪಾಲಕ ಎಂಜಿನಿಯರ್ ಕಚೇರಿವಾರು ಕೇಳಿ. ಬಿಲ್ ಪಾವತಿ ಖಜಾನೆ-2 ಎಂಬ ಸರ್ಕಾರಿ ತಂತ್ರಾಂಶದ ಮೂಲಕ ಆಗುವುದರಿಂದ ಹಣ ಸೆಳೆಯುವ ಪ್ರತಿ ಕಚೇರಿಯ ಅಂಕಿಯೂ ಅಲ್ಲಿರುತ್ತದೆ, ಇಲ್ಲವೆನ್ನಲು ಬರುವುದಿಲ್ಲ. ಮುಂದುವರಿದ ಕಾಮಗಾರಿಗಳ ಬಾಕಿ ಮೊತ್ತವನ್ನೂ ಒಂದು ಪ್ರತ್ಯೇಕ ಪ್ರಶ್ನೆಯಾಗಿ ಸೇರಿಸಿ. ನಿಗಮಗಳ ಮೂಲಕ ಆಗುವ ನೀರಾವರಿ ವೆಚ್ಚಕ್ಕೆ ನಿಗಮಕ್ಕೇ ಬೇರೆ ಅರ್ಜಿ ಹಾಕಬೇಕಾಗುತ್ತದೆ.

ಪಾವಗಡದವ:

ಅರ್ಜಿಯಲ್ಲಿ ಏಳು ಜಿಲ್ಲೆ ಎಂದು ಬರೆಯಬೇಡಿ, 31 ಜಿಲ್ಲೆ ಎಂದು ಬರೆಯಿರಿ. ಉಳಿದ 24 ಜಿಲ್ಲೆಗಳ ಅಂಕಿ ಪಕ್ಕದಲ್ಲಿ ಇಲ್ಲದಿದ್ದರೆ ನಿಮ್ಮ ಪಾಲು ಹೆಚ್ಚೋ ಕಡಿಮೆಯೋ ನಿಮಗೂ ತಿಳಿಯುವುದಿಲ್ಲ, ನಮ್ಮದು ನಮಗೂ ತಿಳಿಯುವುದಿಲ್ಲ. ತುಮಕೂರು ಜಿಲ್ಲೆಯ ವಿಭಾಗ ಕಚೇರಿಗಳ ಅರ್ಜಿಗಳನ್ನು ನಾನು ಹಾಕುತ್ತೇನೆ, ನಮೂನೆಯನ್ನು ಇಲ್ಲಿಯೇ ಹಾಕಿ.